ಗೀರು

ಓಢಣಿ ಚುಂಗಿಲೆ ಒರಸಿದ್ದೆ. ಅಷ್ಟೇ ತಪ್ಪು.

ವಾಡಿಯ ಗಾಳಿಯೊಳಗ ಸಿಮೆಂಟು ಇರ್ತದ,
ಶಹಾಬಾದ ಫರಸಿಯ ಪುಡಿ ಇರ್ತದ,
ಎರಡಕ್ಕೂ ಕಣ್ಣಿಗೆ ಕಾಣದ ಉಗುರು.
ನೌಕರಿ ಸೇರಿ ಹದಿನೈದು ದಿನ, ಹೊಸಾ ಬ್ಯಾಟರಿ,
ಧೂಳ ಕುಂತದ ಅಂತ ಒಣಾ ಚುಂಗಿಲೆ ಗರಗರ ತಿಕ್ಕಿದೆ.
ಕಿವಿಗೇ ಕೇಳಿತು:
ರೊಟ್ಟ್ಯಾಗ ಉಸುಕು ಕಡಿದಂಗ.

ಲಾಡ್ಲೆಸಾಬ ಮಾಮಾ ಬೈಲಿಲ್ಲ.
ಗ್ಯಾಂಗಿನ ಖೋಲಿಯ ಬಲ್ಬಿನ ಕೆಳಗ ಹಿಡಿದು ನೋಡಿ,
ಇದು ಗಾಜಲ್ಲ ನಿಂಬವ್ವಾ, ಪ್ಲಾಸ್ಟಿಕ್ಕು,
ಗಾಜು ನನ್ನ ಕಂದೀಲಿನ ಸಂಗಾಟ ಹೋಯ್ತು, ಅಂದ.
ಆ ಕಂದೀಲಿನ ಕಥಿ ಶುರು ಆದ್ರ
ಎರಡು ಗೂಡ್ಸ್ ಗಾಡಿ ದಾಟ್ತಾವ. ದಾಟಿದವು.

ಆಮ್ಯಾಲ ಕಲಿಸಿದ.
ಮಕ ಕೆಳಗ ಮಾಡಿ ಹಿಡಿ, ಬೆನ್ನು ತಟ್ಟು
ಹಾಲು ಕುಡಿದ ಕೂಸಿಗೆ ತಟ್ಟಿದಂಗ.
ಬೀಳೂದು ಬೀಳಲಿ.
ಊದು, ಬಾಯಿಲೆ ಬ್ಯಾಡ, ಉಗುಳು ಸಿಡೀತದ,
ನನ್ನ ಬಾಯಾಗಂತೂ ತಂಬಾಕ ಅದ.
ಕೂಸಿನ ಮೂಗು ಜಗ್ಗೂ ರಬ್ಬರ್ ಪುಗ್ಗಿ ಸಿಗ್ತದ,
ಅದನ್ನ ಹಿಚುಕಿ ಪುಸ್ ಅನಿಸು.
ಆಮ್ಯಾಲ ನೀರು, ಒಂದು ಹನಿ ಸಾಬಾನ,
ನೀರೇ ಕೈ ಹಿಡಿದು ಧೂಳನ್ನ ಕರಕೊಂಡು ಹೋಗಲಿ,
ನಿನ್ನ ಬೆರಳಿಗೇನು ಅವಸರ?

ಅರಿವಿ ಕಡೀಕ.
ಪ್ಲಾಸ್ಟಿಕ್ ಚೀಲದಾಗಿಂದ ತಗದ ಒಂದು ತುಂಡು,
ಅವರ ಅಪ್ಪನ ಪಟಕಾದ್ದು,
ಒಗದು ಒಗದು ಉಸಿರಿನಷ್ಟು ತೆಳ್ಳಗ.
ಚೀಲ ಯಾಕ ಮಾಮಾ ಅಂದೆ.
ಅರಿವಿಗೆ ಧೂಳ ಹತ್ತಿದ್ರ ಅದೂ ಉಸುಕಿನ ಕಾಗದಾನೇ.
ಒತ್ತು. ಎತ್ತು. ಮಡಿಕಿ ತಿರುವಿ ಮತ್ತ ಒತ್ತು.
ಪೇಪರ್ ಬ್ಯಾಡ, ಬೂದಿ ಬ್ಯಾಡ,
ಘಾಸಲೇಟು ಹಚ್ಚಿದಿ ಅಂದ್ರ
ಮುದುಕನ ಕಣ್ಣಾಗಿ ಕುಂಡರ್ತದ.

ಮತ್ತ ಆಗಿದ್ದ ಗೀರು?
ಅದು ಹೋಗೂದಿಲ್ಲ. ಅದು ಈಗ ನಿಂದು.
ಗುರ್ತು ಇಟ್ಕೋ.

ಇಟ್ಕೊಂಡೆ.
ದಿನಾ ನನಗಿಂತ ಮುಂದ ನಡೀತಿತ್ತು ಅದು,
ಜಲ್ಲಿ ಮ್ಯಾಲ, ಸ್ಲೀಪರಿನ ಮ್ಯಾಲ,
ಒಮ್ಮೆ ಮಲಗಿದ್ದ ನಾಯಿಯ ಹೊಟ್ಟಿ ಮ್ಯಾಲ,
ಬೆಳಕಿನೊಳಗ ಒಂದು ಕೂದಲೆಳಿ.

ಡಿಸೆಂಬರಿನ ಥಂಡಿಗೆ ಹಳಿ ಕುಗ್ಗಿ
ತನ್ನನ್ನ ತಾನೇ ಜಗ್ಗತದ.
ನಾಲವಾರದ ಕಡಿ, ರಾತ್ರಿ ಎರಡೂವರಿ,
ಎರಡೂ ಬದಿಗೆ ತೊಗರಿ ಹೊಲ, ಒಂದು ಹುಳದ ಸಪ್ಪಳಿಲ್ಲ.
ಹಳಿಯ ನೆತ್ತಿ ಮ್ಯಾಲ ಕೂದಲೆಳಿ.
ನಂದೇ, ಅಂದು ದಾಟಿದೆ.
ನಾಲ್ಕು ಹೆಜ್ಜಿ.
ನಿಂತೆ.
ಹಿಂದಕ ಬಂದೆ.

ಬ್ಯಾಟರಿಯನ್ನ ಇದ್ದಲ್ಲೇ ತಿರುವಿದೆ,
ಉಪ್ಪಿನಕಾಯಿ ಭರಣಿಯ ಮುಚ್ಚಳ ತಿರುವಿದಂಗ.
ನನ್ನ ಗೀರು
ಗಡಿಯಾರದ ಮುಳ್ಳಾಗಿ ಸುತ್ತು ಹೋಯ್ತು.
ಇನ್ನೊಂದು
ಇದ್ದಲ್ಲೇ ಇತ್ತು.

ಉಗುರಿಲೆ ಮುಟ್ಟಿದೆ. ಉಗುರು ಸಿಕ್ಕಿತು.

ಕೆಂಪು ಮಾಡಿ ಓಡಿದೆ, ಯಾದಗಿರಿಯಿಂದ ಬರೂ ಗಾಡಿಗೆ ಎದುರು,
ಹಳಿಗೆ ಪಟಾಕಿ ಕಟ್ಟಿದೆ, ಎಷ್ಟು ದೂರ ನೆನಪಿಲ್ಲ,
ಒಂದು ಚಪ್ಪಲಿ ಇನ್ನೂ ಅಲ್ಲೇ ಎಲ್ಲೋ ಅದ.

ಐವತ್ತು ನಿಮಿಷ ನಿಂತಿತು ಗಾಡಿ.
ಮಾಮಾ ಮಂದಿ ಕಟ್ಟಿಕೊಂಡು ಬಂದು ಕ್ಲಾಂಪು ಬಿಗಿಯೂತನಕ
ಕಿಟಕಿಯೊಳಗಿಂದ ಒಬ್ಬಾಂವ
ಮೊಬೈಲಿನ ಬೆಳಕು ನನ್ನ ಮಾರಿಗೆ ಬಿಟ್ಟು ಕೇಳಿದ:
ಏನಾಗ್ಯದ ಬಾಯಿ, ಯಾಕ ನಿಲ್ಸೀರಿ?

ನನ್ನ ಬ್ಯಾಟರಿಯ ಮಕದ ತುಂಬ ಓಡಿದ ಧೂಳ.
ಚುಂಗು ಕೈಯಾಗ ಬಂದುಬಿಟ್ಟಿತ್ತು.
ಬಿಟ್ಟೆ.
ಏನಿಲ್ರಿ, ಅಂದೆ,
ಮಕ ಕೆಳಗ ಮಾಡಿ
ಬೆನ್ನು ತಟ್ಟಿದೆ.