ತಳ್ಳುಗಾಡಿಯಲ್ಲಿ ಟ್ಯೂಬಾ

ಡರ್ಹ್ಯಾಮ್ ಸೀಮೆ, ಗಣಿಯ ಊರು. ಫೆಬ್ರವರಿ.
ಮೂರು ಕೂಸುಗಳು ಮಲಗಿ ಎದ್ದು ದೊಡ್ಡವಾದ
ಹಳೇ ತಳ್ಳುಗಾಡಿಯಲ್ಲಿ
ಗಂಡನ ಟ್ಯೂಬಾವನ್ನು ಮಲಗಿಸಿ, ಕಂಬಳಿ ಹೊದಿಸಿ
ಹಿಲ್ಡಾ ಥರ್ಲ್‌ವೆಲ್ ಇಳಿಜಾರು ಬೀದಿಯಲ್ಲಿ ಬಂದಳು,
ಬ್ಯಾಂಡಿನ ಸ್ವತ್ತು ಬ್ಯಾಂಡಿಗೆ ಒಪ್ಪಿಸಲು.

ಉಗ್ರಾಣ ನನ್ನದು. ಕೀಲಿಕೈ, ಲೆಡ್ಜರು, ಎಣ್ಣೆ ಡಬ್ಬಿ.
'ವಾಪಸು ಬಂದಿದೆ' ಎಂದು ಆಗಲೇ ಬರೆದಿಟ್ಟಿದ್ದೆ;
ವಿಲ್ಫ್‌ನನ್ನು ಮಣ್ಣು ಮಾಡಿ ಇನ್ನೂ ಒಂಬತ್ತು ದಿನ.

ಎತ್ತಿಕೊಡಲು ಹೋದೆ.
'ಬಿಡು, ಇದರ ಭಾರ ನನಗೆ ಗೊತ್ತು' ಅಂದಳು.
ಗೊತ್ತಿರದೆ ಏನು, ಮೂವತ್ತೊಂದು ವರ್ಷ
ಪ್ರತಿ ಶನಿವಾರ ಅಡುಗೆಮನೆಯ ಮೇಜಿನ ಮೇಲೆ
ಇದರ ಹೊಟ್ಟೆ ಬೆನ್ನು ಉಜ್ಜಿದವಳು.
ಈ ತಗ್ಗು, ಮೆರವಣಿಗೆಯಲ್ಲಿ ಅವನು ಎಡವಿದ್ದು.
ಈ ತಗ್ಗು, ಮುಷ್ಕರದ ವರ್ಷ, ಗಿರವಿ ಅಂಗಡಿಯಲ್ಲಿ.
ಇದು...
ಅದನ್ನು ಹೇಳಲಿಲ್ಲ.

ಆಮೇಲೆ, ಪಕ್ಕದ ಮನೆಯಲ್ಲಿ ಉಪ್ಪು ಕೇಳುವ ದನಿಯಲ್ಲಿ:
'ನಾನೇ ಇಟ್ಟುಕೊಂಡು ಊದಬಹುದಾ?'

ನಕ್ಕೆ. ಸುಳ್ಳು ಯಾಕೆ, ನಕ್ಕುಬಿಟ್ಟೆ.
ಹೆಂಗಸರಿಗೆಂದು ನಮ್ಮಲ್ಲಿ ಚಹಾದ ಹಂಡೆ ಇತ್ತು,
ಸಮವಸ್ತ್ರಕ್ಕೆ ಗುಂಡಿ ಹೊಲಿಯುವುದಿತ್ತು,
ಮೇಷ್ಟರ ಮಗಳ ಕೈಗೆ ಒಂದು ಕ್ರಿಸ್‌ಮಸ್ಸಿಗೆ
ಪುಟ್ಟ ತ್ರಿಕೋಣ ಕೊಟ್ಟದ್ದೂ ಉಂಟು.
'ಕೆನ್ನೆ ಉಬ್ಬುತ್ತೆ ಹಿಲ್ಡಾ, ಮುಖ ಕೆಂಪಾಗುತ್ತೆ.
ಕಾಲು ಅಗಲಿಸಿ ಕೂರಬೇಕು, ಚಂದ ಅಲ್ಲ.
ಉಸಿರು ಬೇಕು ಇದಕ್ಕೆ, ಗಂಡಸಿನ ಉಸಿರು.'

ಉಸಿರು ಎಂದದ್ದೇ ತಪ್ಪಾಯಿತು.

ಕೊನೆಯ ಆ ಚಳಿಗಾಲ ವಿಲ್ಫ್
ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದ. ಎದೆ ತುಂಬ ಕಲ್ಲಿದ್ದಲ ಹುಡಿ.
ಆದರೂ ಸಂಜೆಯಾದರೆ ಅವನ ಮನೆಯ ಗೋಡೆ ದಾಟಿ
ಟ್ಯೂಬಾ ಬೀದಿಗೆ ಬರುತ್ತಿತ್ತು.
ತುಂಬು ಸ್ವರ, ನಿಧಾನ, ಗಣಿಯ ತಳದಿಂದ ತೊಟ್ಟಿಲು ಏರಿ ಬಂದ ಹಾಗೆ.
ನಾವೆಲ್ಲ ಅಂದುಕೊಂಡೆವು: ಗಟ್ಟಿ ಜೀವ, ಭಲೇ ವಿಲ್ಫ್!

ಹಿಲ್ಡಾ ಕುರ್ಚಿ ಎಳೆದುಕೊಂಡಳು. ಕಾಲು ಅಗಲಿಸಿದಳು.
ಹಿತ್ತಾಳೆ ಗೀರಾಗದಿರಲೆಂದು
ಉಂಗುರ ತೆಗೆದು ಕೋಟಿನ ಜೇಬಿಗೆ ಹಾಕಿದಳು.

ಅದೇ ಸ್ವರ.

ಕಿಟಕಿಯ ಗಾಜು, ಎಣ್ಣೆ ಡಬ್ಬಿ, ನನ್ನ ಕಟ್ಟಿಸಿದ ಹಲ್ಲು
ಸಣ್ಣಗೆ ನಡುಗಿದವು.

ಲೆಡ್ಜರು ತೆರೆದೆ. 'ವಾಪಸು' ಹೊಡೆದುಹಾಕಿದೆ.
ವಾದಕರ ಅಂಕಣದಲ್ಲಿ ಅಚ್ಚಾಗಿದ್ದದ್ದು ಶ್ರೀ,
ಪುಟದುದ್ದಕ್ಕೂ ಶ್ರೀ, ಶ್ರೀ, ಶ್ರೀ;
ಮತಿಗೆ ಜಾಗವನ್ನೇ ಬಿಟ್ಟಿರಲಿಲ್ಲ.
ಗೆರೆ ದಾಟಿಸಿ ಬರೆದೆ.

ಸಮಿತಿ ಏನಂದೀತೋ. ಗುರುವಾರ ಸಭೆ.

ಮತ್ತೆ ಕಂಬಳಿ ಹೊದಿಸಿ ಅವಳು ಹೊರಟಳು, ಏರುಬೀದಿ.
ತಳ್ಳಲು ಬರಲೇ ಎಂದು ಬಾಗಿಲಿಂದ ಕೂಗಿದೆ.
ಉತ್ತರ ಕೊಡಲು
ಅವಳು ಉಸಿರು ಖರ್ಚು ಮಾಡಲಿಲ್ಲ.