ಖಾಲಿ ಚೌಕ

ಟಾಂಪೆರೆಯ ನಸುಕು. ಹೊರಗೆ ಮೈನಸ್ ಹದಿನೇಳು.
ರಾತ್ರಿಯ ವಾರ್ಡು ಮುಗಿಸಿ ನಾನು ಮೆಟ್ಟಿಲು ಹತ್ತುವುದು
ಏಳೂ ಇಪ್ಪತ್ತಕ್ಕೆ,
ಯಾರ್ಕೋ ಮಕ್ಕಳ ಕೈಹಿಡಿದು ಇಳಿಯುವುದು
ಏಳೂ ಇಪ್ಪತ್ತನಾಲ್ಕಕ್ಕೆ.
ನಡುವಿನ ನಾಲ್ಕು ನಿಮಿಷ
ನಮ್ಮ ಸಂಸಾರ.

ಆವಾಳಿಗೆ ಕೆಮ್ಮು ಇಳಿದಿಲ್ಲ,
ಏಲಿಸನ ಎಡಗೈ ಗವುಸು ಎಲ್ಲಿ ಬಿತ್ತೋ,
ಬಾಡಿಗೆ ಕಟ್ಟಿದೆಯಾ, ಗಂಜಿ ಒಲೆ ಮೇಲಿದೆ.
ಇಷ್ಟು ಹೇಳಿ ಅವನು ಟ್ರಾಮಿನ ಕಡೆಗೆ.
ಕೆನ್ನೆ ಮುಟ್ಟುವುದು ಇವತ್ತೂ ಮರೆತೆ.
ಕಂಬಳಿಯಡಿ ಅವನ ಬಿಸಿ
ಇನ್ನೂ ಪೂರ್ತಿ ಆರಿರುವುದಿಲ್ಲ.
ಅದರೊಳಗೆ ಮುದುಡಿಕೊಳ್ಳುತ್ತೇನೆ,
ಜೊತೆಗೆ ಮಲಗಿದ ಲೆಕ್ಕ ಅದೇ.

ಫ್ರಿಜ್ಜಿನ ಮೇಲೆ ತಿಂಗಳು ಅಂಟಿಸಿದೆ:
ಅವನದು ಕೆಂಪು, ನನ್ನದು ನೀಲಿ.
ಎರಡೂ ರಾತ್ರಿ ಒಂದೇ ಚೌಕದಲ್ಲಿ
ಡಿಕ್ಕಿ ಹೊಡೆದರೆ ಮಕ್ಕಳು ಚೀಲ ಹೊತ್ತು
ರಾತ್ರಿಯ ಶಿಶುವಿಹಾರಕ್ಕೆ.
ಹಲ್ಲುಜ್ಜುವ ಬ್ರಷ್ಷು, ಕಿವಿ ಹರಿದ ಬಟ್ಟೆಯ ಕಡವೆ.
ಅಲ್ಲಿ ಹನ್ನೊಂದು ಮಂಚ, ಒಬ್ಬಳೇ ಪಿರ್ಕೊ.
ನಡುರಾತ್ರಿ ಮೂರಕ್ಕೆ ನಾನು
ಯಾರದೋ ತಾಯಿಯ ಹೊದಿಕೆ ಸರಿಪಡಿಸುವಾಗ
ನನ್ನ ಮಗಳ ಹೊದಿಕೆ
ಪಿರ್ಕೊ ಸರಿಪಡಿಸುತ್ತಾಳೆ.
ಸರಿಪಡಿಸುತ್ತಾಳೆಂದು ನಂಬಿ
ಹನಿಯುವ ಡ್ರಿಪ್ ಎಣಿಸುತ್ತೇನೆ.
ಎಣಿಕೆ ತಪ್ಪುತ್ತದೆ. ಮತ್ತೆ ಮೊದಲಿನಿಂದ.

ನಮ್ಮ ಪಾಲಿಗೆ ಬಂದದ್ದು ಪಾಳಿ.
ಮೂರು ವಾರ ಒಬ್ಬರ ಮೇಲೊಬ್ಬರು ದನಿ ಏರಿಸಿಲ್ಲ.
ಎಷ್ಟು ಹೊಂದಾಣಿಕೆ, ಎನ್ನುತ್ತಾಳೆ ನಾದಿನಿ.
ಅವಳಿಗೇನು ಗೊತ್ತು,
ಜಗಳಕ್ಕೂ ಬಿಡುವು ಬೇಕು.

ಬಿಡುವು ಬಂತು. ಭಾನುವಾರ.
ಕೆಂಪಿಲ್ಲದ, ನೀಲಿಯಿಲ್ಲದ ಒಂದು ಚೌಕ.
ಕೆರೆಯ ಮಂಜಿನ ಮೇಲೆ ಜಾರಲು ಹೋಗೋಣ ಅಂದಿದ್ದೆವು.
ಹತ್ತೂವರೆಗೆ ಬ್ರೆಡ್ಡಿನ ಚಾಕು ಸಿಕ್ಕಿತು,
ಬೆಣ್ಣೆ ಮೆತ್ತಿಕೊಂಡು ಸಿಂಕಿನಲ್ಲಿ.
ಯಾರು ಬಿಟ್ಟದ್ದು?
ಅಷ್ಟೇ ಸಾಕಾಯಿತು.
ನಾಲ್ಕು ನಾಲ್ಕು ನಿಮಿಷ ಕೂಡಿಟ್ಟದ್ದನ್ನೆಲ್ಲ
ಒಂದೇ ಉಸಿರಿಗೆ ಖರ್ಚು ಮಾಡಿದೆವು.
ಅವನ ತಾಯಿ ಬಂದಳು ಮಾತಿಗೆ,
ನನ್ನ ಓವರ್‌ಟೈಮು, ಹೋದ ವರ್ಷದ ಕಾರು,
ಯಾರ ನಿದ್ದೆ ಹೆಚ್ಚು ಕಡಿಮೆ ಎಂಬ ಬೆಲೆಕಟ್ಟು.
ಚಾಕು ಅಲ್ಲೇ ಇತ್ತು, ಯಾರೂ ತೊಳೆಯಲಿಲ್ಲ.

ನಡುಮನೆಯಲ್ಲಿ ಏಲಿಸ್ ನಿಂತಿದ್ದ.
ಹಿಮದ ಅಂಗಿ ತೊಟ್ಟು, ಬೆನ್ನಿಗೆ ಚೀಲ,
ತಂಗಿಯ ಕಾಲಿಗೆ ಜೋಡಿಯಲ್ಲದ ಕಾಲುಚೀಲ.
ಕಡವೆಯನ್ನೂ ಮರೆತಿರಲಿಲ್ಲ.
"ಯಾರ ಪಾಳಿ?" ಕೇಳಿದ.
ಯಾರದೂ ಅಲ್ಲಪ್ಪ, ಅಂದೆ.
ನಂಬಲಿಲ್ಲ. ಫ್ರಿಜ್ಜಿನ ತನಕ ಹೋಗಿ
ಖಾಲಿ ಚೌಕಕ್ಕೆ ಬೆರಳಿಟ್ಟು ನೋಡಿ ಬಂದ,
ಬಂದು ಬಾಗಿಲ ಬಳಿಯೇ ನಿಂತ.

ಯಾರ್ಕೋ ನೆಲಕ್ಕೆ ಕೂತು
ಅವನ ಬಲಬೂಟಿನ ದಾರಕ್ಕೆ ಕೈಹಾಕಿದ.
ಎಡದ್ದಕ್ಕೆ ನಾನು.
ಬಿಚ್ಚಲು ಬರುತ್ತಿಲ್ಲ, ಗಂಟು ಮೇಲೆ ಗಂಟು.
ಐದು ವರ್ಷದವನು, ತಾನೇ ಕಟ್ಟಿಕೊಂಡದ್ದು.