ಗಾಳಿ ತುಂಬುವವನು

ನಾಲ್ಕೂವರೆಗೆ ಎದ್ದವನು ಮೊದಲು ಮೂಗಿನಿಂದ ನೋಡುತ್ತೇನೆ:
ಗಾಳಿ ಯಾವ ದಿಕ್ಕಿನದು, ಯಾರ ಒಲೆ ಹೊತ್ತಿದೆ,
ಪುರೀತಕ್ಕ ತೆಂಗಿನ ಸಿಪ್ಪೆಗೆ ಬೆಂಕಿ ಇಟ್ಟಳೋ ಹೇಗೆ.
ಇಟ್ಟಿದ್ದರೆ ಬೇಲಿ ಹಾರಿ ಹೋಗಿ ಹೇಳಬೇಕು:
ಎರಡು ತಾಸು ತಡಿ ಮಾರಾಯ್ತಿ,
ನಿನ್ನ ಹೊಗೆ ಕುಡಿದವರು ಹದಿನೈದು ಮಾರು ಕೆಳಗೆ
ತಲೆ ತಿರುಗಿ ಬಿದ್ದಾರು.
"ನೀರಲ್ಲಿ ಬೀಳುವುದೆಲ್ಲಿಗೆ?" ಎಂದು ಕೊಂಕು ಆಡುತ್ತಾಳೆ,
ಆಡುತ್ತಲೇ ಒಂದು ಚೆಂಬು ನೀರು ಸುರಿಯುತ್ತಾಳೆ.

ಕಾಡುಬಾದಾಮಿ ಮರದ ತುದಿಗೊಂಬೆಗೆ ಕಟ್ಟಿದ ಕೊಳವೆ
ಸೊಗೊದ್ ಕೊಲ್ಲಿಯ ಬೆಳಗನ್ನು ಹೀರುತ್ತದೆ.
ಕಂಪ್ರೆಸರಿಗೆ ನನ್ನಪ್ಪನದೇ ಕೆಮ್ಮು.
ಒಂದು ಸಣ್ಣ ಕೋಣೆಯ ಗಾಳಿ
ಒಂದು ಕೊಡದಷ್ಟು ಲೋಹದೊಳಗೆ ಮಂಡಿ ಮಡಚಿ ಕೂರಬೇಕು.
ಮುಳ್ಳು ಇನ್ನೂರಕ್ಕೆ ಬರುವತನಕ
ಸಿಲಿಂಡರು ಜ್ವರದ ಮಗುವಿನ ಹಾಗೆ ಕಾಯುತ್ತದೆ,
ಬೆನ್ನು ಸವರಿ ನೀರಿನ ತೊಟ್ಟಿಗೆ ಇಳಿಸುತ್ತೇನೆ.
ಗಂಟು ಕಟ್ಟಲಾರದ್ದು ಗಾಳಿ ಅನ್ನುತ್ತಾರೆ.
ದಿನಕ್ಕೆ ನಲವತ್ತು ಗಂಟು ಕಟ್ಟುತ್ತೇನೆ ನಾನು.

ಇದ್ದಿಲ ಜರಡಿ ಎಣ್ಣೆ ಹಿಡಿಯುತ್ತದೆ, ವಾಸನೆ ಹಿಡಿಯುತ್ತದೆ.
ಒಣಮೀನಿನ ಘಾಟು, ಹುರಿದ ಬೆಳ್ಳುಳ್ಳಿ,
ಎಲ್ಲ ಅಲ್ಲೇ ಸತ್ತು ಬೀಳುತ್ತವೆ.
ಆದರೆ ಕೋಳಿ ಕೂಗಿದ್ದು?
ತೆರೆಸೀತಾ ಮಗನಿಗೆ ಬೈದದ್ದು?
ಅವನ್ನು ಯಾವ ಜರಡಿ ಹಿಡಿದೀತು.
ದೂರದೇಶದವರು ನಮ್ಮೂರ ಬೈಗುಳ ಬೆನ್ನಿಗೆ ಹೊತ್ತು
ಗುಳುಗುಳು ಇಳಿಯುತ್ತಾರೆ.

ನಾನೂ ಇಳಿದವನೇ.
ಆಗ ಹಲ್ಲಲ್ಲಿ ಕಚ್ಚಿದ ಪ್ಲಾಸ್ಟಿಕ್ ಕೊಳವೆ,
ಟಯರಿಗೆ ಗಾಳಿ ಹಾಕುವ ಯಂತ್ರ ದೋಣಿಯಲ್ಲಿ,
ಕಾಲಿಗೆ ಕತ್ತರಿಸಿದ ಪ್ಲೈವುಡ್ಡು.
ಡೀಸೆಲ್ ರುಚಿಯ ಉಸಿರು, ಬಲೆಯ ತುಂಬ ಮೀನು.
ಒಂದು ದಿನ ಕೊಳವೆ ಮಡಚಿಕೊಂಡಿತು.
ದಮಾಸೋ, ನಾನು, ಇಬ್ಬರೂ ಬಾಣದಂತೆ ಮೇಲೆದ್ದೆವು.
ನಿಧಾನ ಏಳಬೇಕು ಅಂತ ಯಾರೂ ಹೇಳಿರಲಿಲ್ಲ.
ನನ್ನ ಎಡಗಿವಿ ಅಲ್ಲೇ ಉಳಿಯಿತು,
ಅವನ ಎರಡೂ ಕಾಲು.

ಈಗ ಇಳಿಯುವವಳು ಮಗಳು, ಜುವೆಲಿನ್.
ಅತಿಥಿಗಳ ಮುಂದೆ ಮುಂದೆ, ಕೈ ಕಟ್ಟಿಕೊಂಡು,
ತನ್ನದೇ ಅಂಗಳದಲ್ಲಿ ಅಡ್ಡಾಡುವವಳ ಹಾಗೆ.
ಹೊತ್ತೇರಿ ಬಂದವಳನ್ನು ಕೇಳುತ್ತೇನೆ: ಹೇಗಿದ್ದಾನೆ ಮುದುಕ?
ಮುದುಕ ಅಂದರೆ ಗೋಡೆಯಂಚಿನ ಗುಂಡು ಹವಳ,
ನಾನು ಹುಡುಗನಾಗಿದ್ದಾಗಲೇ ಎಮ್ಮೆಯ ಗಾತ್ರ.
ಹೋದ ವರ್ಷ ಸಮುದ್ರ ಬಚ್ಚಲ ನೀರಾಯಿತು,
ಎರಡು ತಿಂಗಳು. ಮುದುಕ ಬೆಳ್ಳಗಾದ.
ಸುಣ್ಣದ ಬಿಳುಪಲ್ಲ ಅಪ್ಪಾ, ಅಂದಿದ್ದಳು,
ಬಣ್ಣ ಬಳಿಯುವ ಮುಂಚಿನ ಚರ್ಚಿನ ಸಂತನ ಹಾಗೆ,
ಕಣ್ಣಿಲ್ಲದೆ.
ಆಮೇಲೆ ಬಹಳ ದಿನ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇವತ್ತು ಕೂದಲು ಹಿಂಡುತ್ತ ತಾನಾಗಿ ಹೇಳಿದಳು:
ಗಿಳಿಮೀನು ಬಂದಿತ್ತು,
ಹುರಿದ ಜೋಳ ಅಗಿದಂತೆ ಸದ್ದು.
ಮುದುಕನ ಬೆನ್ನ ಮೇಲೆ ಅಂಗೈಯಗಲ ಕಂದು.
"ಯಾರ ಅಂಗೈ? ನಿನ್ನದೋ ನನ್ನದೋ?"
ನನ್ನದು, ಅಂದಳು. ಸಣ್ಣ ಕೈ ಅವಳದು.
ಪರವಾಗಿಲ್ಲ.

ಸಿಲಿಂಡರು ಬರಿದಾಗಿ ಬರುವುದಿಲ್ಲ.
ಐವತ್ತು ಉಳಿಸಿಕೊಂಡೇ ಮೇಲೆ ಬರಬೇಕು, ನಿಯಮ.
ಅಷ್ಟು ಆಳ ಹೋಗಿ, ಯಾರ ಎದೆಗೂ ತಾಗದೆ
ಹಿಂದಿರುಗಿದ ಗಾಳಿ ಅದು.
ತಿರುಪು ಸಡಿಲಿಸಿ ಎಡಗಿವಿಗೆ ಹಿಡಿಯುತ್ತೇನೆ.
ಏನೂ ಕೇಳಿಸುವುದಿಲ್ಲ. ತಣ್ಣಗಿರುತ್ತದೆ, ಅಷ್ಟೆ.

ಗಾಲಿಕುರ್ಚಿ ತಳ್ಳಿಕೊಂಡು ದಮಾಸೋ ಬರುತ್ತಾನೆ,
ಪರಮಪ್ರಸಾದಕ್ಕೆ ಬಾಯಿ ತೆರೆದವನ ಹಾಗೆ ಬಾಯಿ ತೆರೆಯುತ್ತಾನೆ.
ರೆಗ್ಯುಲೇಟರ್ ಕಚ್ಚಿ ಕಣ್ಣು ಮುಚ್ಚುತ್ತಾನೆ.
ಒಳಗೆ. ಹೊರಗೆ. ಒಳಗೆ.
ಬಾದಾಮಿ ಎಲೆಯ ನೆರಳು ಮುಖದ ಮೇಲೆ ಓಲಾಡುತ್ತದೆ.
ಒಂದು ಕೈ ಕುರ್ಚಿಯ ತೋಳು ಬಿಟ್ಟು
ಮೆಲ್ಲಗೆ ತೇಲಿ ನಿಲ್ಲುತ್ತದೆ.

ಬೇಲಿಯಾಚೆ ಪುರೀತಕ್ಕ: "ಈಗ ಹಚ್ಚಲೇನೋ?"
ತಡಿಯೇ, ಅನ್ನುತ್ತೇನೆ,
ಇನ್ನೂ ಒಬ್ಬ ಕೆಳಗಿದ್ದಾನೆ.